ಸಣ್ಣ ವಿಮಾನಗಳಲ್ಲಿ ಇಂಧನ ಬರಿದಾಗುವಿಕೆ

ಇಂಧನ ಬರಿದಾಗುವಿಕೆ ಎಂದರೆ ಹಾರಾಟದಲ್ಲಿರುವ ವಿಮಾನದ ಟ್ಯಾಂಕುಗಳಲ್ಲಿ ಬಳಕೆಗೆ ಸಿಗುವ ಇಂಧನವೆಲ್ಲ ಮುಗಿದು ಎಂಜಿನ್ ನಿಂತುಹೋಗುವ ಸ್ಥಿತಿ. ವಿಮಾನಯಾನದ ಇಂಗ್ಲಿಷಿನಲ್ಲಿ ಇದನ್ನು ಫ್ಯೂಯೆಲ್ ಎಕ್ಸಾಸ್ಷನ್ ಎನ್ನುತ್ತಾರೆ. ದೊಡ್ಡ ಪ್ರಯಾಣಿಕ ವಿಮಾನಗಳಲ್ಲಿ ಇದು ಅಪರೂಪ. ಖಾಸಗಿ ಒಡೆತನದ ಸಣ್ಣ ವಿಮಾನಗಳಲ್ಲಿ, ತರಬೇತಿ ವಿಮಾನಗಳಲ್ಲಿ ಮತ್ತು ಲಘು ವಿಮಾನಗಳಲ್ಲಿ ಮಾತ್ರ ಇದು ಅಪಘಾತಗಳ ಮುಖ್ಯ ಕಾರಣಗಳಲ್ಲಿ ಒಂದಾಗಿ ಉಳಿದಿದೆ. ಯಂತ್ರದ ದೋಷದಿಂದಾಗುವ ಅಪಘಾತಗಳಿಗಿಂತ ಇದು ಭಿನ್ನವಾದುದು. ಇಲ್ಲಿ ಬಹುತೇಕ ಸಂದರ್ಭಗಳಲ್ಲಿ ವಿಮಾನವೂ ಎಂಜಿನ್ನೂ ಸುಸ್ಥಿತಿಯಲ್ಲಿರುತ್ತವೆ. ತಪ್ಪುವುದು ಲೆಕ್ಕ, ಪರಿಶೀಲನೆ ಅಥವಾ ನಿರ್ಧಾರ. ಆದ್ದರಿಂದಲೇ ಸುರಕ್ಷತಾ ತಜ್ಞರು ಇದನ್ನು ಸಂಪೂರ್ಣವಾಗಿ ತಡೆಯಬಹುದಾದ ಅಪಘಾತಗಳ ಗುಂಪಿಗೆ ಸೇರಿಸುತ್ತಾರೆ.

## ಪದಗಳ ವ್ಯತ್ಯಾಸ

ಇಂಧನಕ್ಕೆ ಸಂಬಂಧಿಸಿದ ಎಂಜಿನ್ ವೈಫಲ್ಯಗಳನ್ನು ತನಿಖಾ ಸಂಸ್ಥೆಗಳು ಮೂರು ಬಗೆಯಾಗಿ ವಿಂಗಡಿಸುತ್ತವೆ.

* ಇಂಧನ ಬರಿದಾಗುವಿಕೆ: ವಿಮಾನದಲ್ಲಿ ಬಳಸಬಹುದಾದ ಇಂಧನವೇ ಉಳಿದಿರುವುದಿಲ್ಲ.
* ಇಂಧನ ಪೂರೈಕೆಯ ಕಡಿತ: ವಿಮಾನದಲ್ಲಿ ಇಂಧನವಿದ್ದರೂ ಅದು ಎಂಜಿನ್ನನ್ನು ತಲುಪುವುದಿಲ್ಲ. ಒಂದು ಟ್ಯಾಂಕು ಬರಿದಾಗಿ ಇನ್ನೊಂದು ತುಂಬಿರುವಾಗ ಪೈಲಟ್ ಆಯ್ಕೆಯ ಹಿಡಿಕೆಯನ್ನು ತಿರುಗಿಸದಿರುವುದು ಇದಕ್ಕೆ ಸಾಮಾನ್ಯ ನಿದರ್ಶನ.
* ಇಂಧನದ ಕಲಬೆರಕೆ: ಇಂಧನದಲ್ಲಿ ನೀರು, ಕೊಳೆ ಅಥವಾ ತಪ್ಪು ಜಾತಿಯ ಇಂಧನ ಸೇರಿಕೊಂಡಿರುತ್ತದೆ.

ಮೂರರ ಫಲಿತಾಂಶವೂ ಒಂದೇ: ಎಂಜಿನ್ ನಿಲ್ಲುತ್ತದೆ. ಆದರೆ ಎರಡನೆಯ ಬಗೆಯಲ್ಲಿ ಪೈಲಟ್ ಸಕಾಲದಲ್ಲಿ ಟ್ಯಾಂಕನ್ನು ಬದಲಿಸಿದರೆ ಎಂಜಿನ್ ಮತ್ತೆ ಚಾಲೂ ಆಗುವ ಅವಕಾಶವಿರುತ್ತದೆ. ಮೊದಲನೆಯದರಲ್ಲಿ ಆ ಅವಕಾಶವಿಲ್ಲ.

## ಸಣ್ಣ ವಿಮಾನದ ಇಂಧನ ವ್ಯವಸ್ಥೆ

ಪಿಸ್ಟನ್ ಎಂಜಿನ್ನಿನ ಸಣ್ಣ ವಿಮಾನಗಳಲ್ಲಿ ಹೆಚ್ಚಿನವು ಅವ್‌ಗ್ಯಾಸ್ ಎಂಬ ವಿಮಾನ ಪೆಟ್ರೋಲನ್ನು ಬಳಸುತ್ತವೆ. ಇದರಲ್ಲಿ ಬಹುವಾಗಿ ಬಳಕೆಯಲ್ಲಿರುವ 100 ಎಲ್‌ಎಲ್ ದರ್ಜೆಯ ಇಂಧನಕ್ಕೆ, ಸುಲಭವಾಗಿ ಗುರುತಿಸಲೆಂದು, ನೀಲಿ ಬಣ್ಣ ಬೆರೆಸಿರುತ್ತಾರೆ. ಜೆಟ್ ವಿಮಾನಗಳು ಬಳಸುವ ಎಟಿಎಫ್ ಸೀಮೆಎಣ್ಣೆಯ ಜಾತಿಗೆ ಸೇರಿದ್ದು, ಪಿಸ್ಟನ್ ಪೆಟ್ರೋಲ್ ಎಂಜಿನ್ನಿಗೆ ಅದನ್ನು ತುಂಬುವುದು ಅಪಾಯಕಾರಿ.

ಇಂಧನವನ್ನು ಸಾಮಾನ್ಯವಾಗಿ ಎರಡು ರೆಕ್ಕೆಗಳೊಳಗಿನ ಟ್ಯಾಂಕುಗಳಲ್ಲಿ ಇಡಲಾಗುತ್ತದೆ. ಸೆಸ್ನಾ 152, ಸೆಸ್ನಾ 172 ಮೊದಲಾದ ವಿಮಾನಗಳ ರೆಕ್ಕೆಗಳು ಮೇಲ್ಭಾಗದಲ್ಲಿರುವುದರಿಂದ ಇಂಧನವು ಗುರುತ್ವಾಕರ್ಷಣೆಯಿಂದಲೇ ಕೆಳಕ್ಕೆ ಹರಿಯುತ್ತದೆ. ಸೆಸ್ನಾ 172ರಲ್ಲಿ ಎಡ, ಬಲ ಮತ್ತು ಎರಡೂ ಎಂಬ ಆಯ್ಕೆಗಳಿವೆ. ಪೈಪರ್ ಪಿಎ-28 ಬಗೆಯ ವಿಮಾನಗಳಲ್ಲಿ ರೆಕ್ಕೆ ಕೆಳಭಾಗದಲ್ಲಿರುವುದರಿಂದ ಪಂಪಿನ ಸಹಾಯ ಬೇಕು. ಎರಡೂ ಎಂಬ ಆಯ್ಕೆ ಇರುವುದಿಲ್ಲ. ಪೈಲಟ್ ನಿಗದಿತ ಅವಧಿಗೊಮ್ಮೆ ಒಂದು ಟ್ಯಾಂಕಿನಿಂದ ಇನ್ನೊಂದಕ್ಕೆ ಬದಲಾಯಿಸಬೇಕಾಗುತ್ತದೆ. ಒಂದು ಮಾದರಿಯಿಂದ ಇನ್ನೊಂದಕ್ಕೆ ಹೋದ ಪೈಲಟ್‌ಗಳು ಈ ವ್ಯತ್ಯಾಸವನ್ನು ಮರೆತು ತೊಂದರೆಗೆ ಸಿಲುಕುವುದುಂಟು.

ಟ್ಯಾಂಕಿನ ಒಟ್ಟು ಅಳತೆ ಬೇರೆ, ಬಳಸಬಹುದಾದ ಅಳತೆ ಬೇರೆ. ಸೆಸ್ನಾ 152ರ ಸಾಮಾನ್ಯ ಟ್ಯಾಂಕುಗಳಲ್ಲಿ 26 ಅಮೆರಿಕನ್ ಗ್ಯಾಲನ್, ಅಂದರೆ ಸುಮಾರು 98 ಲೀಟರ್ ಇಂಧನ ಹಿಡಿಯುತ್ತದೆ. ಅದರಲ್ಲಿ ಎಂಜಿನ್ನಿಗೆ ನಿಶ್ಚಿತವಾಗಿ ದೊರೆಯುವುದು 24.5 ಗ್ಯಾಲನ್, ಸುಮಾರು 92 ಲೀಟರ್ ಮಾತ್ರ. ಉಳಿದದ್ದು ಟ್ಯಾಂಕಿನ ತಳದಲ್ಲೂ ಕೊಳವೆಗಳಲ್ಲೂ ನಿಲ್ಲುತ್ತದೆ.

ಸಣ್ಣ ವಿಮಾನಗಳ ಇಂಧನ ಮಾಪಕಗಳನ್ನು ಸಂಪೂರ್ಣವಾಗಿ ನಂಬಬಾರದೆಂಬುದು ತರಬೇತಿಯ ಮೊದಲ ಪಾಠಗಳಲ್ಲಿ ಒಂದು. ಹಳೆಯ ಮಾದರಿಗಳಲ್ಲಿ ಟ್ಯಾಂಕಿನೊಳಗೆ ತೇಲುವ ಬೆಂಡಿನ ಚಲನೆಯನ್ನು ಮುಳ್ಳು ತೋರಿಸುತ್ತದೆ. ವಿಮಾನ ಓಲಾಡಿದಾಗ, ತಿರುಗಿದಾಗ ಅಥವಾ ಏರಿಳಿದಾಗ ಮುಳ್ಳೂ ಓಲಾಡುತ್ತದೆ. ಈ ಕಾರಣದಿಂದ ಹಾರಾಟಕ್ಕೆ ಮುನ್ನ ಟ್ಯಾಂಕಿನ ಮುಚ್ಚಳ ತೆರೆದು, ಗುರುತು ಹಾಕಿದ ಅಳತೆ ಕಡ್ಡಿಯನ್ನು ಇಳಿಸಿ, ಇಂಧನದ ಮಟ್ಟವನ್ನು ಕಣ್ಣಾರೆ ನೋಡುವ ಪದ್ಧತಿ ಇದೆ.

## ಕಾರಣಗಳು

### ಪರಿಶೀಲನೆಯ ಲೋಪ

ಹಿಂದಿನ ದಿನ ಟ್ಯಾಂಕು ತುಂಬಿಸಲಾಗಿತ್ತು ಎಂಬ ನಂಬಿಕೆ, ಬೇರೊಬ್ಬರು ನೋಡಿರುತ್ತಾರೆ ಎಂಬ ಊಹೆ, ಮಾಪಕದ ಮುಳ್ಳಿನ ಮೇಲಿನ ಭರವಸೆ, ಇವು ಅಪಘಾತ ವರದಿಗಳಲ್ಲಿ ಮತ್ತೆ ಮತ್ತೆ ಕಾಣಿಸುವ ಸಂಗತಿಗಳು. ಒಂದೇ ವಿಮಾನವನ್ನು ಹಲವರು ಬಳಸುವ ಹಾರಾಟ ಕ್ಲಬ್ಬುಗಳಲ್ಲಿ ಈ ಲೋಪಕ್ಕೆ ಅವಕಾಶ ಹೆಚ್ಚು. ಮುಚ್ಚಳವನ್ನು ಸರಿಯಾಗಿ ಬಿಗಿಯದಿದ್ದರೆ ರೆಕ್ಕೆಯ ಮೇಲಿನ ಕಡಿಮೆ ಒತ್ತಡದಿಂದಾಗಿ ಇಂಧನ ಹೊರಕ್ಕೆ ಹೀರಲ್ಪಟ್ಟು ಗಾಳಿಯ ಪಾಲಾಗುತ್ತದೆ.

### ಬಳಕೆಯ ತಪ್ಪು ಅಂದಾಜು

ವಿಮಾನದ ಕೈಪಿಡಿಯಲ್ಲಿ ಕೊಟ್ಟಿರುವ ಬಳಕೆಯ ಅಂಕಿಗಳು ಒಂದು ನಿರ್ದಿಷ್ಟ ಎತ್ತರ, ಎಂಜಿನ್ನಿನ ನಿರ್ದಿಷ್ಟ ಶಕ್ತಿ ಹಾಗೂ ಸರಿಯಾಗಿ ಹೊಂದಿಸಿದ ಇಂಧನ-ಗಾಳಿ ಮಿಶ್ರಣಕ್ಕೆ ಅನ್ವಯಿಸುತ್ತವೆ. ಎತ್ತರಕ್ಕೇರಿದಂತೆ ಗಾಳಿ ತೆಳುವಾಗುವುದರಿಂದ ಮಿಶ್ರಣದಲ್ಲಿ ಇಂಧನದ ಪ್ರಮಾಣವನ್ನು ತಗ್ಗಿಸಬೇಕು. ಹಾಗೆ ಮಾಡದಿದ್ದರೆ ಬಳಕೆ ಕೈಪಿಡಿಯ ಅಂಕಿಯನ್ನು ಮೀರುತ್ತದೆ. ನೆಲದ ಮೇಲಿನ ಚಲನೆಗೆ, ಏರುವಿಕೆಗೆ ಮತ್ತು ಕೆಟ್ಟ ಹವೆಯನ್ನು ಬಳಸಿಕೊಂಡು ಹೋಗುವ ಸುತ್ತುದಾರಿಗೆ ತಗಲುವ ಇಂಧನವನ್ನು ಲೆಕ್ಕಕ್ಕೆ ಸೇರಿಸದಿರುವುದೂ ಸಾಮಾನ್ಯ ದೋಷ.

### ಅಳತೆಯ ಗೊಂದಲ

ಇಂಧನವನ್ನು ಒಂದೆಡೆ ಲೀಟರಿನಲ್ಲಿ ಮಾರುತ್ತಾರೆ, ಕೈಪಿಡಿಯಲ್ಲಿ ಅಮೆರಿಕನ್ ಗ್ಯಾಲನ್ನಿನಲ್ಲಿ ಬರೆದಿರುತ್ತಾರೆ, ತೂಕದ ಲೆಕ್ಕದಲ್ಲಿ ಪೌಂಡ್ ಅಥವಾ ಕಿಲೋಗ್ರಾಂ ಬಳಸುತ್ತಾರೆ. ಒಂದು ಅಮೆರಿಕನ್ ಗ್ಯಾಲನ್ 3.785 ಲೀಟರಿಗೆ ಸಮ; ಬ್ರಿಟಿಷ್ ಗ್ಯಾಲನ್ 4.546 ಲೀಟರಿಗೆ ಸಮ. ಒಂದು ಲೀಟರ್ ಅವ್‌ಗ್ಯಾಸ್ ಸುಮಾರು 0.72 ಕಿಲೋಗ್ರಾಂ ತೂಗುತ್ತದೆ. ಈ ಪರಿವರ್ತನೆಯಲ್ಲಿ ಒಂದು ಹೆಜ್ಜೆ ತಪ್ಪಿದರೂ ಉತ್ತರ ಬಹಳ ದೂರ ಸರಿಯುತ್ತದೆ.

### ನಿರ್ಧಾರದ ದೋಷ

ಇಂಧನ ಕಡಿಮೆಯಾಗುತ್ತಿದೆ ಎಂಬುದು ಗೊತ್ತಾದ ಮೇಲೂ ದಾರಿಯಲ್ಲಿನ ನಿಲ್ದಾಣದಲ್ಲಿ ಇಳಿಯದೆ ಮುಂದುವರಿದ ನಿದರ್ಶನಗಳು ಅನೇಕ. ಊರು ಮುಟ್ಟುವ ಆತುರ, ಜೊತೆಗಾರರ ಮುಂದೆ ಸಂಕೋಚ, ಇಳಿದು ಏರುವುದರಲ್ಲಿ ಕಳೆಯುವ ಸಮಯ ಮತ್ತು ಖರ್ಚು, ಕತ್ತಲಾಗುವ ಭಯ, ಇವು ಅದಕ್ಕೆ ಪ್ರೇರಣೆಗಳು. ಗುರಿ ಹತ್ತಿರವಾದಷ್ಟೂ ಹಿಂದಿರುಗುವ ಅಥವಾ ನಡುವೆ ಇಳಿಯುವ ಮನಸ್ಸು ದುರ್ಬಲವಾಗುತ್ತದೆ ಎಂಬುದನ್ನು ವಿಮಾನಯಾನದ ಮನೋವಿಜ್ಞಾನ ವಿಶೇಷವಾಗಿ ಗಮನಿಸಿದೆ.

## ಒಂದು ಮಾದರಿ ಲೆಕ್ಕ

ಎದುರುಗಾಳಿಯ ಪರಿಣಾಮವನ್ನು ಕೆಳಗಿನ ಸರಳ ಲೆಕ್ಕದಿಂದ ತಿಳಿಯಬಹುದು. ಒಂದು ವಿಮಾನದ ವೇಗ ಗಂಟೆಗೆ 180 ಕಿ.ಮೀ., ಇಂಧನ ಬಳಕೆ ಗಂಟೆಗೆ 24 ಲೀಟರ್, ಬಳಸಬಹುದಾದ ಇಂಧನ 92 ಲೀಟರ್ ಎಂದಿಟ್ಟುಕೊಳ್ಳೋಣ. 300 ಕಿ.ಮೀ. ದೂರದ ಊರಿಗೆ ಹೋಗಿ, ಅಲ್ಲಿ ಇಂಧನ ತುಂಬಿಸದೆ ಹಿಂದಿರುಗಬೇಕಾಗಿದೆ.

ಗಾಳಿಯಿಲ್ಲದ ದಿನ ಹೋಗಿಬರಲು ಬೇಕಾಗುವ ಸಮಯ 3 ಗಂಟೆ 20 ನಿಮಿಷ. ಖರ್ಚಾಗುವ ಇಂಧನ 80 ಲೀಟರ್. ಉಳಿಯುವ 12 ಲೀಟರಿನಲ್ಲಿ ಇನ್ನೂ 30 ನಿಮಿಷ ಹಾರಬಹುದು.

ಗಂಟೆಗೆ 40 ಕಿ.ಮೀ. ವೇಗದ ಗಾಳಿ ಹೋಗುವಾಗ ಎದುರಿನಿಂದಲೂ ಬರುವಾಗ ಹಿಂದಿನಿಂದಲೂ ಬೀಸಿದರೆ, ಹೋಗುವಾಗ ಕಳೆದುಕೊಂಡದ್ದು ಬರುವಾಗ ಸಿಗುತ್ತದೆ ಎಂದು ಅನ್ನಿಸಬಹುದು. ಆದರೆ ಹಾಗಾಗುವುದಿಲ್ಲ. ಹೋಗುವಾಗ ನೆಲದ ಮೇಲಿನ ವೇಗ 140 ಕಿ.ಮೀ. ಆಗಿ ಸುಮಾರು 2 ಗಂಟೆ 8 ನಿಮಿಷ ಹಿಡಿಯುತ್ತದೆ. ಬರುವಾಗ ವೇಗ 220 ಕಿ.ಮೀ. ಆಗಿ ಸುಮಾರು 1 ಗಂಟೆ 22 ನಿಮಿಷ ಸಾಕಾಗುತ್ತದೆ. ಒಟ್ಟು 3 ಗಂಟೆ 30 ನಿಮಿಷ. ಇಂಧನ 84 ಲೀಟರ್. ಉಳಿಯುವುದು 8 ಲೀಟರ್, ಅಂದರೆ 20 ನಿಮಿಷದ ಹಾರಾಟ. ಎದುರುಗಾಳಿಯಲ್ಲಿ ಕಳೆಯುವ ಸಮಯವೇ ಹೆಚ್ಚಾದುದರಿಂದ ನಷ್ಟ ಪೂರ್ತಿ ತುಂಬಿಬರುವುದಿಲ್ಲ. ಗಾಳಿಯಿಲ್ಲದ ದಿನ ನಿಯಮಕ್ಕೆ ಸರಿಹೊಂದುತ್ತಿದ್ದ ಪ್ರಯಾಣ ಗಾಳಿಯಿರುವ ದಿನ ನಿಯಮ ಮೀರಿದ ಪ್ರಯಾಣವಾಗುತ್ತದೆ. ಇದಕ್ಕೆ ನೆಲದ ಚಲನೆ ಮತ್ತು ಏರುವಿಕೆಯ ಇಂಧನವನ್ನು ಸೇರಿಸಿದರೆ ಉಳಿಕೆ ಇನ್ನೂ ಕಡಿಮೆ.

## ಮೀಸಲು ಇಂಧನದ ನಿಯಮಗಳು

ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ (ಐಸಿಎಒ) ತನ್ನ 6ನೆಯ ಅನುಬಂಧದಲ್ಲಿ ಮೀಸಲು ಇಂಧನದ ಕನಿಷ್ಠ ಪ್ರಮಾಣವನ್ನು ಸೂಚಿಸಿದೆ. ನೆಲವನ್ನು ಕಣ್ಣಿನಿಂದ ನೋಡುತ್ತ ಹಾರುವ ಸಾಮಾನ್ಯ ವಿಮಾನಗಳು ಗುರಿ ಮುಟ್ಟಿದ ಮೇಲೂ ಹಗಲಿನಲ್ಲಿ 30 ನಿಮಿಷ, ರಾತ್ರಿಯಲ್ಲಿ 45 ನಿಮಿಷ ಹಾರುವಷ್ಟು ಇಂಧನವನ್ನು ಹೊಂದಿರಬೇಕು. ಅಮೆರಿಕದ ನಿಯಮಗಳಲ್ಲಿಯೂ ಇದೇ ಪ್ರಮಾಣವಿದೆ. ಇದು ಕನಿಷ್ಠ ಮಿತಿ ಮಾತ್ರ. ಹಲವು ತರಬೇತಿ ಶಾಲೆಗಳು ಒಂದು ಗಂಟೆಯ ಮೀಸಲನ್ನು ಒತ್ತಾಯಿಸುತ್ತವೆ.

ಇಂಧನದ ಕೊರತೆಯನ್ನು ನಿಯಂತ್ರಣ ಕೇಂದ್ರಕ್ಕೆ ತಿಳಿಸಲು ಎರಡು ನಿಶ್ಚಿತ ಪದಪ್ರಯೋಗಗಳಿವೆ. ಇನ್ನು ಯಾವುದೇ ವಿಳಂಬವಾದರೆ ಮೀಸಲಿಗೆ ಕೈಹಾಕಬೇಕಾಗುತ್ತದೆ ಎಂದಾದಾಗ ಮಿನಿಮಮ್ ಫ್ಯೂಯೆಲ್ ಎಂದೂ, ಇಳಿಯುವ ಹೊತ್ತಿಗೆ ಅಂತಿಮ ಮೀಸಲು ಉಳಿಯುವುದಿಲ್ಲ ಎಂದು ಖಚಿತವಾದಾಗ ಮೇಡೇ ಫ್ಯೂಯೆಲ್ ಎಂದೂ ಘೋಷಿಸಬೇಕು. ಮೊದಲನೆಯದು ಎಚ್ಚರಿಕೆ, ಎರಡನೆಯದು ತುರ್ತು ಪರಿಸ್ಥಿತಿ.

## ಅಂಕಿಅಂಶಗಳು

ಸಣ್ಣ ವಿಮಾನಗಳ ಸಂಖ್ಯೆ ಅತಿ ಹೆಚ್ಚಿರುವ ಅಮೆರಿಕದಲ್ಲಿ ಈ ವಿಷಯದ ಅಧ್ಯಯನ ವಿವರವಾಗಿ ನಡೆದಿದೆ. ಅಲ್ಲಿನ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ 2017ರಲ್ಲಿ ಹೊರಡಿಸಿದ ಎಚ್ಚರಿಕೆಯ ಪ್ರಕಾರ, ಸಾಮಾನ್ಯ ವಿಮಾನಯಾನದ ಅಪಘಾತಗಳ ಪ್ರಮುಖ ಕಾರಣಗಳಲ್ಲಿ ಇಂಧನ ನಿರ್ವಹಣೆಯ ಲೋಪ ಆರನೆಯದು. 2011ರಿಂದ 2015ರವರೆಗೆ ವರ್ಷಕ್ಕೆ ಸರಾಸರಿ 50ಕ್ಕೂ ಹೆಚ್ಚು ಅಪಘಾತಗಳು ಈ ಕಾರಣದಿಂದ ಸಂಭವಿಸಿದವು. ಇವುಗಳಲ್ಲಿ ಶೇ. 56ರಷ್ಟು ಇಂಧನ ಬರಿದಾದುದರಿಂದಲೂ ಶೇ. 35ರಷ್ಟು ಪೂರೈಕೆ ಕಡಿತಗೊಂಡುದರಿಂದಲೂ ಆದವು. ಶೇ. 95ರಷ್ಟು ಪ್ರಕರಣಗಳಲ್ಲಿ ಸಿಬ್ಬಂದಿಯ ತಪ್ಪಿನ ಪಾತ್ರವಿತ್ತು. ಉಪಕರಣಗಳ ದೋಷದ ಪಾಲು ಕೇವಲ ಶೇ. 5.

ಈ ಅಪಘಾತಗಳಿಗೆ ಒಳಗಾದ ಪೈಲಟ್‌ಗಳಲ್ಲಿ ಸುಮಾರು ಅರ್ಧದಷ್ಟು ಜನ ವಾಣಿಜ್ಯ ಅಥವಾ ಅದಕ್ಕೂ ಮೇಲಿನ ದರ್ಜೆಯ ಪರವಾನಗಿ ಹೊಂದಿದ್ದರು. ವಿದ್ಯಾರ್ಥಿ ಪೈಲಟ್‌ಗಳ ಪಾಲು ಶೇ. 2 ಮಾತ್ರ. ಹೆಚ್ಚಿನ ಅಪಘಾತಗಳು ಹಗಲಿನಲ್ಲಿ ನಡೆದಿವೆ. ಆದ್ದರಿಂದ ಅನನುಭವ ಹಾಗೂ ಕತ್ತಲೆಗಳೇ ಇದಕ್ಕೆ ಮುಖ್ಯ ಕಾರಣಗಳೆಂಬ ಸಾಮಾನ್ಯ ಅಭಿಪ್ರಾಯವನ್ನು ಈ ಅಂಕಿಗಳು ಸಮರ್ಥಿಸುವುದಿಲ್ಲ. ಗುರುವಿನ ಕಣ್ಗಾವಲಿನಲ್ಲಿ ಪಟ್ಟಿ ಹಿಡಿದು ಪರಿಶೀಲಿಸುವ ವಿದ್ಯಾರ್ಥಿಗಿಂತ, ನೆನಪನ್ನು ನಂಬಿ ಹೊರಡುವ ಅನುಭವಿ ಹೆಚ್ಚು ಎಚ್ಚರದಿಂದಿರಬೇಕಾಗುತ್ತದೆ.

## ಎಂಜಿನ್ ನಿಂತ ನಂತರ

ಎಂಜಿನ್ ನಿಂತ ಕೂಡಲೇ ವಿಮಾನ ಕಲ್ಲಿನಂತೆ ಬೀಳುವುದಿಲ್ಲ. ಅದು ಎತ್ತರವನ್ನು ಕಳೆದುಕೊಳ್ಳುತ್ತ ಜಾರುತ್ತದೆ. ಸೆಸ್ನಾ 172ರಂತಹ ವಿಮಾನ ಗಾಳಿಯಿಲ್ಲದಿದ್ದಾಗ ಪ್ರತಿ 1 ಕಿ.ಮೀ. ಎತ್ತರಕ್ಕೆ ಸುಮಾರು 9 ಕಿ.ಮೀ. ದೂರ ಸಾಗಬಲ್ಲದು. ಆದ್ದರಿಂದ 300 ಮೀಟರ್ ಎತ್ತರದಲ್ಲಿರುವ ಪೈಲಟ್‌ಗೆ ದೊರೆಯುವ ವ್ಯಾಪ್ತಿ 3 ಕಿ.ಮೀ.ಗಿಂತ ಕಡಿಮೆ. ಯೋಚಿಸಲು ಸಿಗುವ ಸಮಯ ಎರಡು ನಿಮಿಷಕ್ಕೂ ಕಡಿಮೆ.

ಈ ಸಮಯದಲ್ಲಿ ಅನುಸರಿಸಬೇಕಾದ ಕ್ರಮವನ್ನು ತರಬೇತಿಯಲ್ಲಿ ಬಾಯಿಪಾಠ ಮಾಡಿಸುತ್ತಾರೆ: ಮೊದಲು ಜಾರುವಿಕೆಗೆ ಯೋಗ್ಯವಾದ ವೇಗವನ್ನು ಹಿಡಿಯುವುದು, ಎರಡನೆಯದಾಗಿ ಇಳಿಯುವ ಜಾಗವನ್ನು ಆಯ್ದುಕೊಳ್ಳುವುದು, ಆಮೇಲೆ ಟ್ಯಾಂಕಿನ ಹಿಡಿಕೆ, ಪಂಪು, ಮಿಶ್ರಣ ಮೊದಲಾದವನ್ನು ಪರಿಶೀಲಿಸಿ ಎಂಜಿನ್ನನ್ನು ಮತ್ತೆ ಚಾಲೂ ಮಾಡಲು ಯತ್ನಿಸುವುದು, ಕೊನೆಗೆ ರೇಡಿಯೋ ಮೂಲಕ ತಿಳಿಸುವುದು. ಇಳಿಯುವ ಮುನ್ನ ಬಾಗಿಲಿನ ಚಿಲಕ ತೆಗೆದಿಡಲಾಗುತ್ತದೆ. ಚೌಕಟ್ಟು ಬಾಗಿದರೆ ಬಾಗಿಲು ಸಿಕ್ಕಿಕೊಳ್ಳುವ ಸಂಭವವಿರುತ್ತದೆ.

ಪ್ರಾಣಹಾನಿ ಹೆಚ್ಚಾಗಿ ಸಂಭವಿಸುವುದು ದೂರದ ರನ್‌ವೇಯನ್ನು ಹೇಗಾದರೂ ಮುಟ್ಟಬೇಕೆಂದು ವಿಮಾನದ ಮೂತಿಯನ್ನು ಮೇಲಕ್ಕೆತ್ತಿದಾಗ. ಹಾಗೆ ಎತ್ತಿದರೆ ವೇಗ ಕುಸಿದು ರೆಕ್ಕೆಗಳು ವಿಮಾನವನ್ನು ಎತ್ತಿಹಿಡಿಯುವ ಶಕ್ತಿಯನ್ನು ಕಳೆದುಕೊಳ್ಳುತ್ತವೆ. ಸನಿಹದ ಗದ್ದೆಯೊಂದರಲ್ಲಿ ಹಿಡಿತದಲ್ಲಿರುವ ವಿಮಾನವನ್ನು ಇಳಿಸಿದವರು ವಿಮಾನ ನುಜ್ಜಾದರೂ ಬದುಕುಳಿಯುವ ಸಾಧ್ಯತೆ ಹೆಚ್ಚು. ಟ್ಯಾಂಕು ಬರಿದಾಗಿರುವುದರಿಂದ ಬೆಂಕಿಯ ಅಪಾಯ ಕಡಿಮೆಯಾಗುವುದು ಈ ಬಗೆಯ ಅಪಘಾತಗಳಲ್ಲಿನ ಒಂದೇ ಅನುಕೂಲ.

## ಪ್ರಮುಖ ಘಟನೆಗಳು

* 1937, ಜುಲೈ 2: ಅಮೀಲಿಯಾ ಇಯರ್‌ಹಾರ್ಟ್ ಮತ್ತು ಫ್ರೆಡ್ ನೂನನ್ ಅವರಿದ್ದ ಲಾಕ್‌ಹೀಡ್ ಎಲೆಕ್ಟ್ರಾ ವಿಮಾನ ಶಾಂತ ಸಾಗರದ ಹೌಲ್ಯಾಂಡ್ ದ್ವೀಪವನ್ನು ಹುಡುಕುತ್ತ ಕಣ್ಮರೆಯಾಯಿತು. ಇಂಧನ ಕಡಿಮೆಯಾಗುತ್ತಿದೆ ಎಂಬ ಸಂದೇಶ ಅವರಿಂದ ಬಂದಿತ್ತು. ಇಂಧನ ಮುಗಿದು ವಿಮಾನ ಸಮುದ್ರಕ್ಕೆ ಬಿದ್ದಿರಬೇಕೆಂಬುದು ಬಹುಮಾನ್ಯವಾದ ಅಭಿಪ್ರಾಯ.
* 1977, ಅಕ್ಟೋಬರ್ 20: ಲಿನರ್ಡ್ ಸ್ಕಿನರ್ಡ್ ಎಂಬ ಅಮೆರಿಕದ ರಾಕ್ ಸಂಗೀತ ತಂಡವನ್ನು ಒಯ್ಯುತ್ತಿದ್ದ ಬಾಡಿಗೆಯ ಕಾನ್‌ವೇರ್ ವಿಮಾನ ಮಿಸಿಸಿಪಿ ರಾಜ್ಯದ ಕಾಡಿನಲ್ಲಿ ಬಿದ್ದು ಆರು ಮಂದಿ ಮೃತಪಟ್ಟರು. ಸಿಬ್ಬಂದಿ ಇಂಧನದ ಕಡೆ ಗಮನ ಕೊಡದಿದ್ದುದು ಕಾರಣವೆಂದು ತನಿಖೆ ಹೇಳಿತು.
* 1978, ಡಿಸೆಂಬರ್ 28: ಯುನೈಟೆಡ್ ಏರ್‌ಲೈನ್ಸ್ 173ರ ಸಿಬ್ಬಂದಿ ಚಕ್ರಗಳ ದೋಷವೊಂದನ್ನು ಪರಿಶೀಲಿಸುತ್ತ ಪೋರ್ಟ್‌ಲ್ಯಾಂಡ್ ಬಳಿ ಸುತ್ತುತ್ತಿದ್ದಾಗ ಇಂಧನ ಮುಗಿಯಿತು. ಹತ್ತು ಮಂದಿ ಮೃತಪಟ್ಟರು. ಕಿರಿಯ ಸಿಬ್ಬಂದಿಯ ಮಾತಿಗೆ ಬೆಲೆ ಕೊಡುವುದನ್ನು ಕಲಿಸುವ ತಂಡ ನಿರ್ವಹಣೆಯ ತರಬೇತಿ ವಿಶ್ವವ್ಯಾಪಿಯಾಗಲು ಈ ಅಪಘಾತ ಮುಖ್ಯ ಪ್ರೇರಣೆ.
* 1983, ಜುಲೈ 23: ಏರ್ ಕೆನಡಾ 143ರಲ್ಲಿ ಕಿಲೋಗ್ರಾಂ ಮತ್ತು ಪೌಂಡುಗಳ ಗೊಂದಲದಿಂದ ಬೇಕಾದುದರ ಅರ್ಧಕ್ಕಿಂತ ಕಡಿಮೆ ಇಂಧನ ಇತ್ತು. ಎರಡೂ ಎಂಜಿನ್‌ಗಳು ನಿಂತ ಬೋಯಿಂಗ್ 767 ವಿಮಾನವನ್ನು ಗ್ಲೈಡರ್ ಹಾರಿಸಿದ ಅನುಭವವಿದ್ದ ಕ್ಯಾಪ್ಟನ್ ರಾಬರ್ಟ್ ಪಿಯರ್ಸನ್ ಗಿಮ್ಲಿಯ ಹಳೆಯ ವಾಯುನೆಲೆಯಲ್ಲಿ ಇಳಿಸಿದರು. ಯಾರೂ ಸಾಯಲಿಲ್ಲ.
* 1990, ಜನವರಿ 25: ಅವಿಯಾಂಕಾ 52 ನ್ಯೂಯಾರ್ಕ್ ಬಳಿ ದೀರ್ಘಕಾಲ ಕಾದು ಇಂಧನ ಮುಗಿದು ಬಿದ್ದಿತು. ವಿಮಾನದಲ್ಲಿದ್ದ 158 ಜನರಲ್ಲಿ 73 ಮಂದಿ ಮೃತಪಟ್ಟರು. ಸಿಬ್ಬಂದಿ ಆದ್ಯತೆ ಕೇಳಿದ್ದರೇ ಹೊರತು ತುರ್ತು ಪರಿಸ್ಥಿತಿ ಎಂಬ ಪದವನ್ನು ಬಳಸಿರಲಿಲ್ಲ.
* 1997, ಅಕ್ಟೋಬರ್ 12: ಗಾಯಕ ಜಾನ್ ಡೆನ್ವರ್ ಅವರ ಲಾಂಗ್-ಇಝಡ್ ವಿಮಾನ ಕ್ಯಾಲಿಫೋರ್ನಿಯಾದ ಕರಾವಳಿಯಲ್ಲಿ ಬಿದ್ದಿತು. ಮನೆಯಲ್ಲಿ ನಿರ್ಮಿಸಿದ ಈ ವಿಮಾನದಲ್ಲಿ ಟ್ಯಾಂಕು ಬದಲಿಸುವ ಹಿಡಿಕೆ ಕೈಗೆ ಸುಲಭವಾಗಿ ಎಟುಕದ ಜಾಗದಲ್ಲಿತ್ತು. ಅದನ್ನು ತಿರುಗಿಸಲು ಹೋದಾಗ ವಿಮಾನ ಹಿಡಿತ ತಪ್ಪಿತೆಂದು ತನಿಖೆ ತೀರ್ಮಾನಿಸಿತು. ಹೊರಡುವ ಮುನ್ನ ಅವರು ಇಂಧನ ತುಂಬಿಸಿರಲಿಲ್ಲ.
* 2013, ನವೆಂಬರ್ 29: ಗ್ಲಾಸ್ಗೋದ ಪೊಲೀಸ್ ಹೆಲಿಕಾಪ್ಟರೊಂದು ಜನರಿದ್ದ ಪಾನಗೃಹದ ಮೇಲೆ ಬಿದ್ದು ಹತ್ತು ಮಂದಿ ಮೃತಪಟ್ಟರು. ಮುಖ್ಯ ಟ್ಯಾಂಕಿನಲ್ಲಿ ಇಂಧನವಿದ್ದರೂ ಅದನ್ನು ಎಂಜಿನ್ನಿನ ಟ್ಯಾಂಕುಗಳಿಗೆ ಸಾಗಿಸುವ ಪಂಪುಗಳು ಬಂದ್ ಆಗಿದ್ದವು.
* 2016, ನವೆಂಬರ್ 28: ಬ್ರೆಜಿಲ್‌ನ ಶಾಪೆಕೊಯೆನ್ಸೆ ಫುಟ್‌ಬಾಲ್ ತಂಡವಿದ್ದ ಲಾಮಿಯಾ 2933 ಕೊಲಂಬಿಯಾದ ಮೆಡೆಯೀನ್ ಬಳಿ ಬಿದ್ದು 77 ಜನರಲ್ಲಿ 71 ಮಂದಿ ಮೃತಪಟ್ಟರು. ಪ್ರಯಾಣದ ಅವಧಿ ಮತ್ತು ಇಂಧನ ಬಾಳುವ ಅವಧಿ ಎರಡನ್ನೂ ಹಾರಾಟದ ಯೋಜನೆಯಲ್ಲಿ 4 ಗಂಟೆ 22 ನಿಮಿಷ ಎಂದೇ ಬರೆಯಲಾಗಿತ್ತು.

## ಭಾರತದಲ್ಲಿ

ಭಾರತದ ನಾಗರಿಕ ವಿಮಾನಯಾನದ ಆರಂಭವೇ ಟ್ಯಾಂಕಿನ ಅಳತೆಗೆ ತಕ್ಕಂತೆ ನಡೆದ ಸಣ್ಣ ವಿಮಾನದ ಹಾರಾಟ. 1932ರ ಅಕ್ಟೋಬರ್ 15ರಂದು ಜೆ. ಆರ್. ಡಿ. ಟಾಟಾ ಅವರು ಪುಸ್ ಮಾತ್ ಎಂಬ ಒಂಟಿ ಎಂಜಿನ್ನಿನ ವಿಮಾನದಲ್ಲಿ ಕರಾಚಿಯಿಂದ ಅಂಚೆಯನ್ನು ತಂದು, ನಡುವೆ ಅಹಮದಾಬಾದಿನಲ್ಲಿ ಇಳಿದು ಇಂಧನ ತುಂಬಿಸಿಕೊಂಡು ಮುಂಬಯಿ ಮುಟ್ಟಿದರು. ಅಹಮದಾಬಾದಿನಲ್ಲಿ ಪೆಟ್ರೋಲಿನ ಡಬ್ಬಗಳು ಎತ್ತಿನ ಗಾಡಿಯಲ್ಲಿ ಬಂದಿದ್ದವು. ಮುಂಬಯಿಯಿಂದ ನೆವಿಲ್ ವಿನ್ಸೆಂಟ್ ಆ ಅಂಚೆಯನ್ನು ಬಳ್ಳಾರಿಯ ಮೂಲಕ ಮದರಾಸಿಗೆ ಒಯ್ದರು. ಹೀಗೆ ಇಂದಿನ ಕರ್ನಾಟಕದ ಬಳ್ಳಾರಿ ದೇಶದ ಮೊದಲ ವಿಮಾನ ಮಾರ್ಗದ ತಂಗುದಾಣಗಳಲ್ಲಿ ಒಂದಾಯಿತು.

ಇಂಧನ ಮುಗಿದ ಘಟನೆಗಳಲ್ಲಿ ಭಾರತದಲ್ಲಿ ಹೆಚ್ಚು ಪ್ರಸಿದ್ಧವಾದುದು ದೊಡ್ಡ ವಿಮಾನದ್ದು. 1993ರ ನವೆಂಬರ್ 15ರಂದು ಮದರಾಸಿನಿಂದ ಹೈದರಾಬಾದಿಗೆ ಹೊರಟ ಇಂಡಿಯನ್ ಏರ್‌ಲೈನ್ಸ್ 440, ಮಂಜಿನಂತಹ ಮಸುಕಿನಿಂದ ಅಲ್ಲಿ ಇಳಿಯಲಾಗದೆ ಮದರಾಸಿನತ್ತ ಹಿಂದಿರುಗಿತು. ಇಳಿಯುವಾಗ ಚಾಚಿದ್ದ ರೆಕ್ಕೆಯ ಮಡಿಕೆಗಳು ಸಿಕ್ಕಿಕೊಂಡು ಒಳಸೇರಲಿಲ್ಲ. ಇದರಿಂದ ಗಾಳಿಯ ತಡೆ ಹೆಚ್ಚಿ ಇಂಧನ ವೇಗವಾಗಿ ಖರ್ಚಾಯಿತು. ಕೊನೆಗೆ ಏರ್‌ಬಸ್ ಎ300 ವಿಮಾನ ತಿರುಪತಿಯ ಸಮೀಪದ ಗದ್ದೆಯಲ್ಲಿ ಇಳಿಯಿತು. ವಿಮಾನ ಮತ್ತೆ ಬಳಕೆಗೆ ಬರಲಿಲ್ಲ. ಆದರೆ ಅದರಲ್ಲಿದ್ದ 262 ಜನರೂ ಬದುಕುಳಿದರು.

ಭಾರತದಲ್ಲಿ ಹಾರಾಟದ ನಿಯಮಗಳನ್ನು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ (ಡಿಜಿಸಿಎ) ರೂಪಿಸುತ್ತದೆ. ಅಪಘಾತಗಳ ತನಿಖೆಗಾಗಿ 2012ರಲ್ಲಿ ವಿಮಾನ ಅಪಘಾತ ತನಿಖಾ ವಿಭಾಗವನ್ನು ಪ್ರತ್ಯೇಕವಾಗಿ ಸ್ಥಾಪಿಸಲಾಯಿತು. 1934ರ ವಿಮಾನ ಕಾಯ್ದೆಯ ಬದಲು ಭಾರತೀಯ ವಾಯುಯಾನ ಅಧಿನಿಯಮ 2025ರ ಜನವರಿ 1ರಿಂದ ಜಾರಿಗೆ ಬಂದಿದೆ.

ಅವ್‌ಗ್ಯಾಸ್ ದೇಶದ ಎಲ್ಲ ವಿಮಾನ ನಿಲ್ದಾಣಗಳಲ್ಲಿ ದೊರೆಯುವುದಿಲ್ಲ. ದೀರ್ಘಕಾಲ ಇದನ್ನು ಆಮದು ಮಾಡಿಕೊಳ್ಳಲಾಗುತ್ತಿತ್ತು. 2022ರ ಸೆಪ್ಟೆಂಬರ್‌ನಲ್ಲಿ ಇಂಡಿಯನ್ ಆಯಿಲ್ ಸಂಸ್ಥೆ ವಡೋದರದ ತನ್ನ ಗುಜರಾತ್ ಶುದ್ಧೀಕರಣಾಗಾರದಲ್ಲಿ ತಯಾರಿಸಿದ 100 ಎಲ್‌ಎಲ್ ಅವ್‌ಗ್ಯಾಸನ್ನು ಬಿಡುಗಡೆ ಮಾಡಿತು. ರನ್‌ವೇ ಇದ್ದ ಕಡೆಯೆಲ್ಲ ತನಗೆ ಬೇಕಾದ ಇಂಧನ ಸಿಗುತ್ತದೆ ಎಂದು ಸಣ್ಣ ವಿಮಾನದ ಪೈಲಟ್ ಭಾವಿಸುವಂತಿಲ್ಲ. ಹೊರಡುವ ಮುನ್ನವೇ ವಿಚಾರಿಸಿ ತಿಳಿದುಕೊಳ್ಳಬೇಕಾಗುತ್ತದೆ.

## ಕರ್ನಾಟಕ ಮತ್ತು ಕರಾವಳಿ

ಕರ್ನಾಟಕದಲ್ಲಿ ಸಣ್ಣ ವಿಮಾನಗಳ ಹಾರಾಟ ಬೆಂಗಳೂರಿನ ಜಕ್ಕೂರು, ಮೈಸೂರು, ಬೆಳಗಾವಿ, ಕಲಬುರಗಿ ಮೊದಲಾದ ಕಡೆಗಳಲ್ಲಿ ನಡೆಯುತ್ತದೆ. ಜಕ್ಕೂರಿನಲ್ಲಿ ಸರ್ಕಾರಿ ವೈಮಾನಿಕ ತರಬೇತಿ ಶಾಲೆ ಇದೆ. ಬೆಂಗಳೂರಿನ ಹಿಂದೂಸ್ತಾನ್ ಏರೋನಾಟಿಕ್ಸ್ ಕಾರ್ಖಾನೆಯ ಪುಷ್ಪಕ್ ಹಾಗೂ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದ ಹಂಸ, ದೇಶದ ಹಾರಾಟ ಕ್ಲಬ್ಬುಗಳಿಗೆಂದು ರೂಪುಗೊಂಡ ಎರಡು ಆಸನಗಳ ವಿಮಾನಗಳು.

ಮಂಗಳೂರಿಗೂ ಗೋವಾಕ್ಕೂ ನಡುವಿನ ಕರಾವಳಿ ಇಂಧನ ಮೀಸಲಿನ ಮಹತ್ವವನ್ನು ತಿಳಿಯಲು ಒಳ್ಳೆಯ ಉದಾಹರಣೆ. ಭಟ್ಕಳ ತಾಲೂಕಿನ ಮುರ್ಡೇಶ್ವರದ ಬಳಿಯ ಕಾಯ್ಕಿಣಿಯನ್ನು ಕೇಂದ್ರವಾಗಿಟ್ಟುಕೊಂಡು ನೋಡಿದರೆ, ನೇರ ರೇಖೆಯಲ್ಲಿ ಶಿವಮೊಗ್ಗ ವಿಮಾನ ನಿಲ್ದಾಣ ಸುಮಾರು 125 ಕಿ.ಮೀ., ಮಂಗಳೂರು 130 ಕಿ.ಮೀ., ಹುಬ್ಬಳ್ಳಿ 150 ಕಿ.ಮೀ., ಗೋವಾದ ದಾಬೋಲಿಂ 160 ಕಿ.ಮೀ. ದೂರದಲ್ಲಿವೆ. ಗಂಟೆಗೆ 180 ಕಿ.ಮೀ. ವೇಗದ ವಿಮಾನದಲ್ಲಿ ಅರ್ಧ ಗಂಟೆಯ ಇಂಧನ ಮಾತ್ರ ಉಳಿದಿದ್ದರೆ ಅದು ಸಾಗಬಲ್ಲ ದೂರ 90 ಕಿ.ಮೀ. ಹಾಗಾಗಿ ಇಲ್ಲಿ ಮೀಸಲಿನ ಮಿತಿಗೆ ಇಳಿದ ವಿಮಾನ ಯಾವ ನಿಲ್ದಾಣವನ್ನೂ ಮುಟ್ಟಲಾರದು. 2023ರ ಫೆಬ್ರವರಿಯಲ್ಲಿ ಶಿವಮೊಗ್ಗ ನಿಲ್ದಾಣ ಆರಂಭವಾಗಿ ದೂರ ಸ್ವಲ್ಪ ತಗ್ಗಿತಾದರೂ, ಅತ್ತ ಹೋಗಲು ಸಹ್ಯಾದ್ರಿಯನ್ನು ದಾಟಬೇಕು. ಆ ದಿಕ್ಕಿನಲ್ಲಿರುವ ಕೊಡಚಾದ್ರಿ ಶಿಖರದ ಎತ್ತರ 1,343 ಮೀಟರ್.

ತುರ್ತಾಗಿ ಇಳಿಯಲು ಯೋಗ್ಯವಾದ ಜಾಗವೂ ಇಲ್ಲಿ ವಿರಳ. ಪಶ್ಚಿಮಕ್ಕೆ ಸಮುದ್ರ, ಪೂರ್ವಕ್ಕೆ ದಟ್ಟ ಕಾಡಿನ ಘಟ್ಟ. ನಡುವಿನ ಕಿರಿದಾದ ಪಟ್ಟಿಯಲ್ಲಿ ತೆಂಗು ಮತ್ತು ಅಡಿಕೆಯ ತೋಟ, ವಿದ್ಯುತ್ ತಂತಿ, ಹೆದ್ದಾರಿ, ಕೊಂಕಣ ರೈಲುಮಾರ್ಗಗಳಿವೆ. ಹೊನ್ನಾವರದ ಬಳಿ ಶರಾವತಿಯೂ ಕುಮಟಾದ ಬಳಿ ಅಘನಾಶಿನಿಯೂ ಅಗಲವಾದ ಅಳಿವೆಗಳಾಗಿ ಸಮುದ್ರ ಸೇರುತ್ತವೆ. ಅಘನಾಶಿನಿಯ ಗಜನಿ ಗದ್ದೆಗಳು ಮೇಲಿನಿಂದ ಸಮತಟ್ಟಾಗಿ ಕಂಡರೂ ಉಪ್ಪುನೀರು ನಿಲ್ಲುವ ಕೆಸರು ನೆಲ. ಚಕ್ರ ಹೂತು ವಿಮಾನ ಮಗುಚುವ ಅಪಾಯವಿದೆ. ಇಳಿತದ ವೇಳೆಯ ಗಟ್ಟಿ ಮರಳಿನ ದಂಡೆ ಕೆಲವೊಮ್ಮೆ ಉತ್ತಮ ಆಯ್ಕೆಯಾಗಬಲ್ಲದು. ಆದರೆ ಅಲ್ಲಿ ಜನ, ದೋಣಿ ಮತ್ತು ಬಲೆಗಳಿರುತ್ತವೆ. ಮುರ್ಡೇಶ್ವರದಿಂದ ಸುಮಾರು 19 ಕಿ.ಮೀ. ದೂರದ ನೇತ್ರಾಣಿ ದ್ವೀಪದ ಮೇಲೆ ಎಂಜಿನ್ ನಿಂತರೆ ದಡಕ್ಕೆ ಜಾರಿ ಬರಲು 2,000 ಮೀಟರಿಗೂ ಹೆಚ್ಚು ಎತ್ತರವಿರಬೇಕು.

ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದಲ್ಲಿ ತಗ್ಗು ಮೋಡ ಮತ್ತು ಬಲವಾದ ನೈರುತ್ಯ ಮಾರುತ ದಾರಿಯನ್ನು ಉದ್ದವಾಗಿಸುತ್ತವೆ. ಕರಾವಳಿಯ ತೇವದ ಹವೆಯಲ್ಲಿ ಅರೆಬರೆ ತುಂಬಿದ ಟ್ಯಾಂಕಿನ ಒಳಗೋಡೆಗಳಲ್ಲಿ ನೀರು ಹನಿಗಟ್ಟಿ ತಳ ಸೇರುವುದರಿಂದ, ಹಾರಾಟಕ್ಕೆ ಮುನ್ನ ತಳದ ಕಿಂಡಿಯಿಂದ ಸ್ವಲ್ಪ ಇಂಧನವನ್ನು ಗಾಜಿನ ಲೋಟಕ್ಕೆ ಇಳಿಸಿ ಪರೀಕ್ಷಿಸುವುದು ಇಲ್ಲಿ ಇನ್ನಷ್ಟು ಅಗತ್ಯ.

ನೀರಿನ ಮೇಲೆ ಇಳಿಯುವಾಗ ಸ್ಥಿರ ಚಕ್ರಗಳ ಸಣ್ಣ ವಿಮಾನ ಮಗುಚುವ ಸಂಭವವಿರುತ್ತದೆ. ಜೀವರಕ್ಷಕ ಕವಚವನ್ನು ಹೊರಡುವಾಗಲೇ ತೊಟ್ಟಿರಬೇಕು. ಆದರೆ ವಿಮಾನದಿಂದ ಹೊರಬಂದ ಮೇಲೆಯೇ ಅದಕ್ಕೆ ಗಾಳಿ ತುಂಬಬೇಕು. 1996ರ ನವೆಂಬರ್ 23ರಂದು ಅಪಹರಣಕ್ಕೊಳಗಾದ ಇಥಿಯೋಪಿಯನ್ ಏರ್‌ಲೈನ್ಸ್ 961 ಇಂಧನ ಮುಗಿದು ಕೊಮೊರೋಸ್ ದ್ವೀಪಗಳ ಬಳಿ ಸಮುದ್ರಕ್ಕಿಳಿದಾಗ, ಒಳಗಿರುವಾಗಲೇ ಕವಚಕ್ಕೆ ಗಾಳಿ ತುಂಬಿಕೊಂಡ ಹಲವರು ಹೊರಬರಲಾಗದೆ ಸಿಕ್ಕಿಕೊಂಡರು. ಆ ದುರಂತದಲ್ಲಿ 175 ಜನರಲ್ಲಿ 125 ಮಂದಿ ಮೃತಪಟ್ಟರು.

## ಮುನ್ನೆಚ್ಚರಿಕೆಗಳು

ವಿಮಾನಯಾನ ಸಂಸ್ಥೆಗಳೂ ತರಬೇತಿ ಶಾಲೆಗಳೂ ಸೂಚಿಸುವ ಮುಖ್ಯ ಕ್ರಮಗಳು ಇವು:

1. ಟ್ಯಾಂಕಿನ ಮುಚ್ಚಳ ತೆರೆದು ಅಳತೆ ಕಡ್ಡಿಯಿಂದ ಇಂಧನವನ್ನು ಸ್ವತಃ ಅಳೆಯುವುದು; ಮುಚ್ಚಳವನ್ನು ಸ್ವತಃ ಬಿಗಿಯುವುದು.
2. ಇಂಧನವನ್ನು ಲೀಟರಿನಲ್ಲಿ ಮಾತ್ರವಲ್ಲದೆ ಸಮಯದ ಲೆಕ್ಕದಲ್ಲಿ, ಎಷ್ಟು ಗಂಟೆ ಎಷ್ಟು ನಿಮಿಷ ಎಂದು ಬರೆದಿಟ್ಟುಕೊಳ್ಳುವುದು.
3. ಹಾರಾಟದ ನಡುವೆ ಯೋಜನೆಯ ಸಮಯವನ್ನೂ ನಿಜವಾದ ಸಮಯವನ್ನೂ ಹೋಲಿಸಿ, ಎದುರುಗಾಳಿ ಹೆಚ್ಚಿದ್ದರೆ ಕೂಡಲೇ ಲೆಕ್ಕವನ್ನು ತಿದ್ದುವುದು.
4. ಟ್ಯಾಂಕು ಬದಲಿಸುವ ವೇಳೆಯನ್ನು ಮೊದಲೇ ಗೊತ್ತುಮಾಡಿಕೊಂಡು, ಇಳಿಯುವ ಜಾಗ ಕೈಗೆಟುಕುವ ಎತ್ತರದಲ್ಲಿರುವಾಗಲೇ ಬದಲಿಸುವುದು.
5. ಯಾವ ಸ್ಥಳದಲ್ಲಿ ಎಷ್ಟು ಇಂಧನ ಉಳಿದಿದ್ದರೆ ಮಾತ್ರ ಮುಂದುವರಿಯಬೇಕು ಎಂಬುದನ್ನು ನೆಲದ ಮೇಲಿರುವಾಗಲೇ ನಿಶ್ಚಯಿಸುವುದು.
6. ಸಂದೇಹ ಬಂದರೆ ಎಂಜಿನ್ ನಡೆಯುತ್ತಿರುವಾಗಲೇ ಹತ್ತಿರದ ನಿಲ್ದಾಣದಲ್ಲಿ ಇಳಿಯುವುದು. ಕೊರತೆಯನ್ನು ಮುಚ್ಚಿಡದೆ ನಿಶ್ಚಿತ ಪದಗಳಲ್ಲಿ ಘೋಷಿಸುವುದು.

ಇವುಗಳಲ್ಲಿ ಐದನೆಯದು ವಿಶೇಷ ಮಹತ್ವದ್ದೆಂದು ಪರಿಗಣಿತವಾಗಿದೆ. ನೆಲದ ಮೇಲೆ ಸಮಾಧಾನದಿಂದ ಮಾಡಿದ ನಿರ್ಧಾರವನ್ನು ಆಕಾಶದಲ್ಲಿ ಪಾಲಿಸುವುದಷ್ಟೇ ಉಳಿದಿದ್ದರೆ, ಆತುರಕ್ಕೂ ಸಂಕೋಚಕ್ಕೂ ಎಡೆ ಇರುವುದಿಲ್ಲ.